ಹೆಸರುಕಾಳು: ಹೊಲದಿಂದ ಬಂದರಿಗೆ, ಬಂದರಿನಿಂದ ಊಟದ ಎಲೆಗೆ

ದ್ವಿದಳ ಧಾನ್ಯಗಳಲ್ಲಿ ಹೆಸರಿಗೆ ನಮ್ಮ ಹಿರಿಯರು ವಿಶೇಷ ಸ್ಥಾನವಿತ್ತಿದ್ದಾರೆ. ಜ್ವರದಿಂದ ಎದ್ದವನ ಗಂಜಿಗೂ, ರಾಮನವಮಿಯ ಕೋಸಂಬರಿಗೂ, ಮದುವೆಯ ಪಾಯಸಕ್ಕೂ ಒದಗುವ ಕಾಳು ಇದೊಂದೇ. ತುಳುನಾಡಿನವರಿಗೆ ಇದು ‘ಪದೆಂಗಿ’, ಮುಂಬಯಿಯ ಅಂಗಡಿಯವನಿಗೆ ‘ಮೂಗ್’. ಬಳ್ಳಾರಿಯ ಬಳಿಯ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರು ಮುಂತಾದ ನವಶಿಲಾಯುಗದ ನೆಲೆಗಳಲ್ಲಿ 3,500 ವರ್ಷಗಳಷ್ಟು ಹಿಂದಿನ ಹೆಸರಿನ ಕಾಳುಗಳು ದೊರೆತಿವೆ. ಕನ್ನಡ ನಾಡಿಗೂ ಈ ಕಾಳಿಗೂ ಇರುವ ನಂಟು ಅಷ್ಟು ಹಳೆಯದು.

ಎರೆಭೂಮಿಯ ಬೆಳೆ

ಗದಗ, ಧಾರವಾಡ, ಕೊಪ್ಪಳ, ಕಲಬುರಗಿ, ಬೀದರ ಜಿಲ್ಲೆಗಳಲ್ಲಿ ಮುಂಗಾರಿನ ಮೊದಲ ಹದಕ್ಕೆ ಬಿತ್ತಿದ ಹೆಸರು ಸುಮಾರು 65ರಿಂದ 75 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ರೈತನ ಕೈಗೆ ವರ್ಷದ ಮೊದಲ ನಗದು ಬರುವುದು ಅನೇಕ ವೇಳೆ ಇದರಿಂದಲೇ. ಅದೇ ಹೊಲದಲ್ಲಿ ಹಿಂಗಾರಿಗೆ ಜೋಳವನ್ನೋ ಕಡಲೆಯನ್ನೋ ಬಿತ್ತಬಹುದು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹೀರಿ ಬೆಳೆಗೆ ಒದಗಿಸುವುದರಿಂದ ಗೊಬ್ಬರದ ಖರ್ಚೂ ಕಡಿಮೆ.

ಆದರೆ ಅಪಾಯಗಳು ಹಲವು. ಬೂದಿರೋಗವು ಎಲೆಗಳನ್ನು ಮುಸುಕುತ್ತದೆ. ಬಿಳಿನೊಣದಿಂದ ಹರಡುವ ಹಳದಿ ನಂಜುರೋಗವು ಗಿಡವನ್ನೇ ಬಂಜೆಯಾಗಿಸುತ್ತದೆ. ಕಾಯಿಗಳು ಒಮ್ಮೆಲೇ ಮಾಗುವುದಿಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಾಳು ಕಾಯಿಯೊಳಗೇ ಮೊಳೆಯುತ್ತದೆ. ಗೃಹಿಣಿಗೆ ಪ್ರಿಯವಾದ ಶೀಘ್ರ ಮೊಳೆಯುವ ಗುಣವೇ ರೈತನಿಗೆ ಶಾಪವಾಗುತ್ತದೆ!

ಟ್ರಾಂಬೆಯ ಕೊಡುಗೆ

ಈ ಸಂಕಷ್ಟಗಳ ಪರಿಹಾರಕ್ಕೆ ನಡೆದ ಸಂಶೋಧನೆಯ ಒಂದು ಕೇಂದ್ರ ನಮ್ಮ ಮಹಾನಗರದಲ್ಲಿಯೇ ಇರುವುದು ಅನೇಕರಿಗೆ ತಿಳಿದಿರಲಾರದು. ಚೆಂಬೂರಿನ ಆಚೆ, ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಕಿರಣ ಮತ್ತು ಸಂಕರಣಗಳ ನೆರವಿನಿಂದ ಹೊಸ ತಳಿಗಳನ್ನು ರೂಪಿಸಲಾಗಿದೆ. 1983ರಲ್ಲಿ ‘ಟಿ.ಎ.ಪಿ.-7’ ಬಿಡುಗಡೆಯಾಯಿತು. 1990ರ ದಶಕದಲ್ಲಿ ಅಕೋಲಾದ ಕೃಷಿ ವಿದ್ಯಾಪೀಠದ ಸಹಯೋಗದಲ್ಲಿ ಬೂದಿರೋಗವನ್ನು ತಡೆಯಬಲ್ಲ ‘ಟಾರ್ಮ್’ ತಳಿಗಳು ಬಂದವು. ವಿಕಿರಣವೆಂದೊಡನೆ ಅಂಜಬೇಕಾಗಿಲ್ಲ: ಮೂಲ ಬೀಜದ ಮೇಲೆ ಒಮ್ಮೆ ಹಾಯಿಸಿದ ಕಿರಣ ಅದರಲ್ಲಿ ಉಳಿಯುವುದಿಲ್ಲ, ಅನೇಕ ತಲೆಮಾರುಗಳ ಪರೀಕ್ಷೆಯ ಬಳಿಕವೇ ಬೀಜವು ರೈತನ ಕೈಸೇರುತ್ತದೆ.

ರಫ್ತೆಂಬ ತಕ್ಕಡಿ

ಹೆಸರನ್ನು ಅತಿ ಹೆಚ್ಚು ಬೆಳೆಯುವ ದೇಶಗಳಲ್ಲಿ ಭಾರತ ಮುಂಚೂಣಿಯಲ್ಲಿದ್ದರೂ ಬೆಳೆದುದರ ಬಹುಪಾಲನ್ನು ನಾವೇ ಉಣ್ಣುತ್ತೇವೆ. ಸಾಲದುದಕ್ಕೆ ಮ್ಯಾನ್ಮಾರ್ ಮತ್ತು ಪೂರ್ವ ಆಫ್ರಿಕಾದ ದೇಶಗಳಿಂದ ತರಿಸಿಕೊಂಡದ್ದೂ ಉಂಟು. ಬೆಲೆಯೇರಿಕೆಯ ಭಯದಿಂದ ಸರಕಾರವು 2006ರಲ್ಲಿ ಬೇಳೆಕಾಳುಗಳ ರಫ್ತನ್ನು ನಿಷೇಧಿಸಿ, ಬೆಲೆ ಕುಸಿದು ರೈತರು ಕಂಗೆಟ್ಟಾಗ 2017ರಲ್ಲಿ ಅದನ್ನು ತೆರವುಗೊಳಿಸಿತು. 2021ರ ಮೇ ತಿಂಗಳಲ್ಲಿ ಹೆಸರಿನ ಆಮದು ಮುಕ್ತವಾಯಿತು. 2022ರ ಫೆಬ್ರವರಿಯಲ್ಲಿ ಮತ್ತೆ ನಿರ್ಬಂಧಕ್ಕೆ ಒಳಪಟ್ಟಿತು. ತಕ್ಕಡಿಯ ಒಂದು ತಟ್ಟೆಯಲ್ಲಿ ಗದಗಿನ ರೈತ, ಇನ್ನೊಂದರಲ್ಲಿ ಡೊಂಬಿವಲಿಯ ಗೃಹಿಣಿ. ಒಬ್ಬರ ಹಿತವೇ ಇನ್ನೊಬ್ಬರ ಹೊರೆಯಾಗದಂತೆ ತೂಗುವುದು ಸುಲಭವಲ್ಲ. 2024–25ರಲ್ಲಿ ಕ್ವಿಂಟಾಲಿಗೆ 8,682 ರೂಪಾಯಿಗಳ ಬೆಂಬಲ ಬೆಲೆ ಗೊತ್ತಾಗಿತ್ತು; ಆದರೆ ಮಳೆಯಲ್ಲಿ ನೆನೆದು ಬಣ್ಣಗೆಟ್ಟ ಕಾಳಿಗೆ ಆ ಬೆಲೆ ದಕ್ಕುವುದಿಲ್ಲ. ಹೊರದೇಶದ ವ್ಯಾಪಾರಿಯೂ ಕೇಳುವುದು ಹೊಳಪುಳ್ಳ, ಒಂದೇ ಗಾತ್ರದ, ಕಸವಿಲ್ಲದ, ಚೆನ್ನಾಗಿ ಒಣಗಿದ ಕಾಳನ್ನೇ. ಆದ್ದರಿಂದ ಒಳ್ಳೆಯ ತಳಿಯಷ್ಟೇ ಒಣಗಿಸುವ ಕಣ, ಶುಚಿಗೊಳಿಸುವ ಯಂತ್ರ, ಉಗ್ರಾಣಗಳೂ ಮುಖ್ಯ.

ಆರೋಗ್ಯದ ದೃಷ್ಟಿಯಿಂದ

100 ಗ್ರಾಂ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ ಸಸಾರಜನಕವಿದೆ. ಅಕ್ಕಿಯಲ್ಲಿ ಕೊರತೆಯಾದ ಲೈಸಿನ್ ಎಂಬ ಅಂಶವು ಹೆಸರಿನಲ್ಲಿ ಧಾರಾಳ. ಹೆಸರಿನಲ್ಲಿ ಕೊರತೆಯಾದ ಮೆಥಿಯೊನಿನ್ ಅಕ್ಕಿಯಿಂದ ದೊರೆಯುತ್ತದೆ. ಆದ್ದರಿಂದ ಖಿಚಡಿ, ಪೊಂಗಲ್‌ಗಳು ರುಚಿಗೆ ಮಾತ್ರವಲ್ಲ, ದೇಹಪೋಷಣೆಗೂ ತಕ್ಕ ಜೋಡಿಗಳು. ಮೊಳಕೆ ಬರಿಸಿದಾಗ ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಅಲ್ಪವಾಗಿದ್ದ ‘ಸಿ’ ಜೀವಸತ್ವ ಹುಟ್ಟುತ್ತದೆ. ಹೊಟ್ಟೆಯುಬ್ಬರಕ್ಕೆ ಕಾರಣವಾದ ಸಕ್ಕರೆಗಳು ಕುಗ್ಗುತ್ತವೆ. ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶವನ್ನು ದೇಹವು ಚೆನ್ನಾಗಿ ಹೀರಿಕೊಳ್ಳುತ್ತದೆ.

ಒಂದು ಎಚ್ಚರಿಕೆ ಅವಶ್ಯ. ಮುಂಬಯಿಯ ಮಳೆಗಾಲದ ಸೆಖೆಯಲ್ಲಿ ಕಾಳಿನೊಡನೆ ರೋಗಾಣುಗಳೂ ಬೆಳೆಯುತ್ತವೆ. ಕುದಿಸಿ ಆರಿಸಿದ ನೀರಿನಲ್ಲಿ ನೆನೆಸಿ, ಬಟ್ಟೆಯನ್ನು ಶುಚಿಯಾಗಿಟ್ಟು, ಹುಳಿವಾಸನೆ ಬಂದುದನ್ನು ಚೆಲ್ಲಬೇಕು. ಗರ್ಭಿಣಿಯರು, ವೃದ್ಧರು, ಮಕ್ಕಳು ಮೊಳಕೆಯನ್ನು ಬೇಯಿಸಿಯೇ ಉಣ್ಣುವುದು ಕ್ಷೇಮ. ಮೂತ್ರಪಿಂಡದ ರೋಗಿಗಳು ವೈದ್ಯರನ್ನು ಕೇಳಿ ಪ್ರಮಾಣವನ್ನು ಗೊತ್ತುಪಡಿಸಿಕೊಳ್ಳಲಿ.

ಮಹಾನಗರದ ಧಾವಂತದಲ್ಲಿ ವಡಾಪಾವ್ ತಿಂದು ಹೊಟ್ಟೆ ತುಂಬಿಸಿಕೊಳ್ಳುವ ನಮ್ಮ ಯುವಕರು ವಾರಕ್ಕೆರಡು ದಿನವಾದರೂ ಹೆಸರಿನ ಉಸುಳಿಗೆ ಮನಸೋಲಲಿ. ಅದರಿಂದ ದೇಹಕ್ಕೆ ಪುಷ್ಟಿ. ಊರಿನ ಒಣಬೇಸಾಯದ ಒಕ್ಕಲಿಗನಿಗೂ ಆಸರೆ.