ಟ್ಯಾಗ್ ಕೀಳದ ಬ್ಲೇಜರ್

ಐದನೇ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜಿಗೆ ಇಂಟರ್ನ್‌ಶಿಪ್ ಸಂದರ್ಶನಕ್ಕೆ ಕಂಪನಿಯೊಂದು ಬರುವುದಿತ್ತು. ಎಲ್ಲರೂ ಬ್ಲೇಜರ್ ಹಾಕಿಕೊಂಡೇ ಬರಬೇಕು ಎಂದು ನೋಟಿಸ್ ಹಾಕಿದರು. ನನ್ನ ಹತ್ತಿರ ಇದ್ದದ್ದು ಅಕ್ಕನ ಮದುವೆಗೆ ಹೊಲಿಸಿದ್ದ ಬಿಳಿ ಶರ್ಟು ಮಾತ್ರ. ಫೀಸು ಕಟ್ಟಿ ತಿಂಗಳಾಗಿರಲಿಲ್ಲ, ಅಪ್ಪನನ್ನು ಮತ್ತೆ ದುಡ್ಡು ಕೇಳಲು ಬಾಯಿ ಬರಲಿಲ್ಲ. ಗೆಳೆಯನೊಬ್ಬ ಉಪಾಯ ಹೇಳಿಕೊಟ್ಟ: ‘ಆನ್‌ಲೈನ್‌ನಲ್ಲಿ ಆರ್ಡರ್ ಮಾಡು ಮಗಾ. ಟ್ಯಾಗ್ ಕೀಳಬೇಡ, ತೋಳಿನೊಳಗೆ ಮಡಚಿ ಪಿನ್ ಹಾಕ್ಕೊ. ಮುಗಿದ ಮೇಲೆ ವಾಪಸ್ ಕಳಿಸು. ಏಳು ದಿನ ಟೈಮ್ ಇರುತ್ತೆ.’

ಹಾಗೇ ಮಾಡಿದೆ. 1,799 ರೂಪಾಯಿಯ ಕಡುನೀಲಿ ಬ್ಲೇಜರ್ ಬಂತು. ಸಂದರ್ಶನದಲ್ಲಿ ಕೈ ಆಡಿಸಿದಾಗಲೆಲ್ಲ ಟ್ಯಾಗ್ ಚುಚ್ಚುತ್ತಿತ್ತು. ಮರುದಿನ ಆ್ಯಪ್ ತೆರೆದು, ಕಾರಣಗಳ ಪಟ್ಟಿಯಲ್ಲಿ ‘ಸೈಜ್ ಸರಿಯಾಗಿಲ್ಲ’ ಎಂಬುದನ್ನು ಒತ್ತಿದೆ. ಡೆಲಿವರಿಯವರು ಬಂದು ಟ್ಯಾಗ್ ನೋಡಿ, ಫೋಟೊ ತೆಗೆದು ಒಯ್ದರು. ದುಡ್ಡು ಪೂರ್ತಿ ವಾಪಸ್ ಬಂತು. ಇಂಟರ್ನ್‌ಶಿಪ್ ಸಿಗಲಿಲ್ಲ. ಆದರೂ ಒಂದು ಪೈಸೆ ಖರ್ಚಿಲ್ಲದೆ ಬ್ಲೇಜರ್ ಹಾಕಿದೆ ಎಂದು ಗೆಳೆಯರ ಮುಂದೆ ಬೀಗಿದೆ.

ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲು ಮೂರು ಮಾತು ಸಿದ್ಧವಿದ್ದವು. ಒಂದು, ಅಷ್ಟು ದೊಡ್ಡ ಕಂಪನಿಗೆ ಇದೊಂದು ನಷ್ಟವೇ? ಎರಡು, ವಾಪಸ್ ಮಾಡಬಹುದು ಅಂತ ಅವರೇ ಬರೆದುಕೊಂಡಿದ್ದಾರಲ್ಲ? ಮೂರು, ನಾನು ಕದ್ದಿಲ್ಲ, ವಸ್ತು ಇದ್ದ ಹಾಗೇ ಕೊಟ್ಟಿದ್ದೇನೆ. ನಿಮ್ಮಲ್ಲೂ ಕೆಲವರು ಕಾಲೇಜ್ ಡೇ ಸೀರೆಗೋ ಟ್ರಿಪ್ಪಿನ ಶೂಗೋ ಇದೇ ಮಾತು ಹೇಳಿಕೊಂಡಿರಬಹುದು.

ಅದಾಗಿ ಎರಡು ವಾರ ಕಳೆದಿರಲಿಲ್ಲ. ವಿ.ಸಿ. ಫಾರಂ ಪಕ್ಕದಲ್ಲಿ ನಮ್ಮದು ಒಂದೂವರೆ ಎಕರೆ ಗದ್ದೆ. ಭತ್ತಕ್ಕೆ ಬೆಂಕಿ ರೋಗ ಕಾಣಿಸಿತು. ಅಪ್ಪ ಮಂಡ್ಯದ ಅಂಗಡಿಯೊಂದರಲ್ಲಿ 3,200 ರೂಪಾಯಿ ಕೊಟ್ಟು ಬ್ಯಾಟರಿ ಸ್ಪ್ರೇಯರ್ ತಂದರು. ಮೂರು ಟ್ಯಾಂಕ್ ಹೊಡೆಯುವಷ್ಟರಲ್ಲಿ ಮೋಟಾರು ನಿಂತೇ ಹೋಯಿತು. ಮರುದಿನ ಬೈಕಿನಲ್ಲಿ ಅಪ್ಪನನ್ನೂ ಸ್ಪ್ರೇಯರನ್ನೂ ಕೂರಿಸಿಕೊಂಡು ಅಂಗಡಿಗೆ ಹೋದೆ. ಅಂಗಡಿಯವರು ಬಿಲ್ಲನ್ನು ಮುಟ್ಟಲೂ ಇಲ್ಲ.

‘ಯಜಮಾನ್ರೇ, ಔಷಧಿ ಹೊಡ್ಕೊಂಡು, ತೊಳ್ಕೊಂಡು, ಓಡ್ತಿಲ್ಲ ಅಂತ ತಂದು ದುಡ್ಡು ಕೇಳೋರನ್ನ ಬೇಕಾದಷ್ಟು ನೋಡಿದ್ದೀನಿ. ಕೆಲ್ಸ ಆದ್ಮೇಲೆ ಎಲ್ರಿಗೂ ಮಿಷನ್ ಕೆಟ್ಟೋಯ್ತದೆ’ ಎಂದರು.

‘ನಾನು ಅಂಥೋನಲ್ಲ ಕಣಪ್ಪ’ ಎಂದರು ಅಪ್ಪ. ಹತ್ತಿಪ್ಪತ್ತು ಜನರ ಎದುರು ಅದನ್ನೇ ಎರಡು ಸಲ ಹೇಳಿದರು. ಪಕ್ಕದಲ್ಲಿ ನಿಂತಿದ್ದ ನನಗೆ ಮಾತೇ ಹೊರಡಲಿಲ್ಲ. ಅಂಗಡಿಯವರು ಹೇಳುತ್ತಿದ್ದ ‘ಅಂಥೋನು’ ಅಪ್ಪನ ಪಕ್ಕದಲ್ಲೇ ಇದ್ದ.

ಕಾನೂನಿನ ಪ್ರಕಾರ ಅಂಗಡಿಯವರದು ತಪ್ಪು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅದರ ಪ್ರಕಾರ ಅನುಚಿತ ವ್ಯಾಪಾರ. ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂದು ಬಿಲ್ಲಿನಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ಈ ಹೊಣೆ ತಪ್ಪುವುದಿಲ್ಲ. 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ, ಜಿಲ್ಲೆಯಲ್ಲೇ ಗ್ರಾಹಕರ ಆಯೋಗವಿದೆ.

ಇಲ್ಲಿ ‘ದೋಷವಿರುವ’ ಎಂಬ ಮಾತನ್ನು ಗಮನಿಸಿ. ಕೆಟ್ಟ ವಸ್ತುವಿಗೆ ಹಣ ವಾಪಸ್ ಕೇಳುವುದು ಹಕ್ಕು. ಚೆನ್ನಾಗಿರುವ ವಸ್ತುವನ್ನೂ ಮನಸ್ಸಿಗೆ ಒಪ್ಪಲಿಲ್ಲವೆಂದು ವಾಪಸ್ ಪಡೆಯುವುದು ಅಂಗಡಿಯವರು ನಮ್ಮ ಮೇಲೆ ಇಟ್ಟ ನಂಬಿಕೆ. ನಾನು ಬಳಸಿಕೊಂಡದ್ದು ಆ ನಂಬಿಕೆಯನ್ನು.

ಆ ಹಕ್ಕೂ ಸುಮ್ಮನೆ ಬಂದದ್ದಲ್ಲ. ದೇಶಕ್ಕೆ ಮೊದಲ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದದ್ದು 1986ರ ಡಿಸೆಂಬರ್ 24ರಂದು. ಆದರೂ ಬೀಜ ಕೊಂಡ ರೈತ ಗ್ರಾಹಕನೇ ಅಲ್ಲ ಎಂಬ ವಾದ ಬಹಳ ವರ್ಷ ನಡೆಯಿತು. ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ, ರೈತನೂ ಗ್ರಾಹಕನೇ, ಕಳಪೆ ಬೀಜದಿಂದ ನಷ್ಟವಾದರೆ ಗ್ರಾಹಕ ವೇದಿಕೆಗೆ ಹೋಗಬಹುದು ಎಂದಿತು. ಅಪ್ಪ ಬಿತ್ತನೆ ಬೀಜ ತಂದಾಗಲೆಲ್ಲ ಚೀಲದ ನೀಲಿ ಟ್ಯಾಗನ್ನೂ ಬಿಲ್ಲನ್ನೂ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಡುತ್ತಾರೆ. ಕುಯ್ಲು ಮುಗಿಯುವವರೆಗೂ ಬಿಸಾಡಲು ಬಿಡುವುದಿಲ್ಲ. ಬೀಜ ಮೊಳೆಯದಿದ್ದರೆ ಸತ್ಯ ಹೇಳಲು ಅವರಿಗಿರುವ ಸಾಕ್ಷಿ ಅದು. ನಾನು ಟ್ಯಾಗ್ ಉಳಿಸಿಕೊಂಡದ್ದು ಸುಳ್ಳು ಹೇಳಲು.

ಇನ್ನು ‘ದೊಡ್ಡ ಕಂಪನಿಗೆ ಏನು ನಷ್ಟ’ ಎಂಬ ಮಾತು. ಆನ್‌ಲೈನ್ ತಾಣಗಳಲ್ಲಿ ಮಾರುವವರು ಹೆಚ್ಚಾಗಿ ಬೇರೆ ಬೇರೆ ಊರಿನ ಸಣ್ಣ ವ್ಯಾಪಾರಿಗಳು. ವಾಪಸ್ ಹೋದ ಬಟ್ಟೆಯನ್ನು ಮತ್ತೆ ಇಸ್ತ್ರಿ ಮಾಡಿ, ಪ್ಯಾಕ್ ಮಾಡಬೇಕು. ಬೆವರಿನ ಕಲೆ ಇದ್ದರೆ ಹೊಸದೆಂದು ಮಾರುವಂತಿಲ್ಲ. ಹೋಗಿಬರುವ ಸಾಗಣೆ ಖರ್ಚೂ ಎಲ್ಲೋ ಒಂದು ಕಡೆ ಬೆಲೆಯೊಳಗೆ ಸೇರಲೇಬೇಕು. ಬೆಂಗಳೂರಿನದೇ ಕಂಪನಿಯಾದ ಮೀಶೋದ ಆ್ಯಪ್‌ನಲ್ಲಿ ಒಂದೇ ವಸ್ತುವಿಗೆ ಎರಡು ದರ ತೋರಿಸುವುದನ್ನು ನೀವು ನೋಡಿರಬಹುದು. ಯಾವ ಕಾರಣಕ್ಕಾದರೂ ವಾಪಸ್ ಮಾಡಬಹುದಾದರೆ ಒಂದು ದರ. ತಪ್ಪು ಅಥವಾ ಕೆಟ್ಟ ವಸ್ತು ಬಂದರೆ ಮಾತ್ರ ವಾಪಸ್ ಎಂದರೆ ಅದಕ್ಕಿಂತ ಕಡಿಮೆ. ನಾನು ಪುಕ್ಕಟೆ ಎಂದುಕೊಂಡದ್ದಕ್ಕೆ ಬೆಲೆ ಇದೆ, ಅದನ್ನು ಕಟ್ಟುವವರು ಬೇರೆ ಯಾರೋ.

ಸಣ್ಣದು ದೊಡ್ಡದಾಗಲು ಬಹಳ ದಿನ ಬೇಕಿಲ್ಲ. ದುಬಾರಿ ವಸ್ತು ತರಿಸಿ, ಬದಲಿಗೆ ನಕಲಿ ಇಟ್ಟು ವಾಪಸ್ ಕಳಿಸಿ ಅಮೆಜಾನ್‌ಗೆ ಸುಮಾರು 70 ಲಕ್ಷ ರೂಪಾಯಿ ವಂಚಿಸಿದ ಆರೋಪದ ಮೇಲೆ 2017ರಲ್ಲಿ ಬೆಂಗಳೂರು ಪೊಲೀಸರು ಒಬ್ಬರನ್ನು ಬಂಧಿಸಿದ್ದರು. ನಾನು ಮಾಡಿದ್ದಕ್ಕೂ ಅದಕ್ಕೂ ಬಹಳ ಅಂತರವಿದೆ, ನಿಜ. ಆದರೆ ಎರಡರಲ್ಲೂ ಮೊದಲ ಹೆಜ್ಜೆ ಒಂದೇ, ಸುಳ್ಳು ಕಾರಣ ಒತ್ತುವುದು.

ಹಾಗಾದರೆ ವಾಪಸ್ ಮಾಡುವುದೇ ತಪ್ಪೇ? ಖಂಡಿತ ಅಲ್ಲ. ಅಳತೆ ಗೊತ್ತಾಗದೆ ಎರಡು ಸೈಜ್ ತರಿಸಿ ಒಂದನ್ನು ಕಳಿಸಿದರೆ, ಬಣ್ಣ ಫೋಟೊದಲ್ಲಿದ್ದಂತೆ ಇಲ್ಲದಿದ್ದರೆ, ಧೈರ್ಯವಾಗಿ ಕಳಿಸಿ. ನಾನೀಗ ಒಂದೇ ಪರೀಕ್ಷೆ ಇಟ್ಟುಕೊಂಡಿದ್ದೇನೆ: ನಿಜವಾದ ಕಾರಣವನ್ನು ಆ ವ್ಯಾಪಾರಿಯ ಮುಖ ನೋಡಿ ಹೇಳಬಲ್ಲೆನೇ? ‘ನನ್ನ ಕೆಲಸ ಮುಗಿಯಿತು, ತಗೊಳ್ಳಿ’ ಎನ್ನುವ ಕಾರಣ ಯಾವ ಆ್ಯಪ್‌ನ ಪಟ್ಟಿಯಲ್ಲೂ ಇಲ್ಲ.

ದುಡ್ಡಿಲ್ಲದಿರುವುದು ಸುಳ್ಳಲ್ಲ, ಅದಕ್ಕೆ ದಾರಿಗಳೂ ಇವೆ. ಹೆಚ್ಚುಕಡಿಮೆ ಒಂದೇ ಅಳತೆಯ ನಾವು ಮೂವರು ಗೆಳೆಯರು 600 ರೂಪಾಯಿಯಂತೆ ಹಾಕಿ ಒಂದು ಬ್ಲೇಜರ್ ಕೊಂಡೆವು. ಒಬ್ಬ ಹೊರಬಂದ ಮೇಲೆ ಇನ್ನೊಬ್ಬ ಹಾಕಿಕೊಂಡು ಒಳಗೆ ಹೋಗುತ್ತೇವೆ. ಸೀನಿಯರ್‌ಗಳನ್ನು ಕೇಳಿದರೆ ಒಂದು ದಿನದ ಮಟ್ಟಿಗೆ ಕೊಡುತ್ತಾರೆ. ಮದುವೆ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಗಳಲ್ಲೂ ಸಿಗುತ್ತದೆ.

ಸ್ಪ್ರೇಯರ್ ಕಥೆ ಹೇಳಲೇಬೇಕು. ಬಹಳ ಹೊತ್ತು ಮಾತಾಡಿದ ಮೇಲೆ ಅಂಗಡಿಯವರು ಅದನ್ನು ಕಂಪನಿಗೆ ಕಳಿಸಲು ಒಪ್ಪಿದರು. ಬದಲಿ ಬರಲು ಹನ್ನೆರಡು ದಿನ ಹಿಡಿಯಿತು. ರೋಗ ಅಷ್ಟು ದಿನ ಕಾಯುವುದಿಲ್ಲವಲ್ಲ, ಪಕ್ಕದ ಗದ್ದೆಯವರ ಸ್ಪ್ರೇಯರ್ ಕೇಳಿ ತಂದು ಔಷಧಿ ಹೊಡೆದೆವು.

ಅವತ್ತು ಸಂಜೆ ನಾಲೆ ಏರಿಯ ಮೇಲೆ ಕೂತಿದ್ದಾಗ ಅಪ್ಪನಿಗೆ ಬ್ಲೇಜರ್ ವಿಷಯ ಹೇಳಿಬಿಟ್ಟೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂಗಾರೆ ಆ ಅಂಗ್ಡಿಯವ್ನು ಯೋಳಿದ್ದು ಸುಳ್ಳಲ್ಲ ಬುಡ್ಲಾ ಮಗ’ ಎಂದು ಎದ್ದು ಮನೆ ಕಡೆ ನಡೆದರು.

– ಬಿ.ಇ. ವಿದ್ಯಾರ್ಥಿ, ವಿ.ಸಿ. ಫಾರಂ, ಮಂಡ್ಯ