ಪಾಲೆ ಕಷಾಯಕ್ಕೆ ಒಳ್ಳೆಮೆಣಸು ಯಾಕೆ?

ಆಟಿ ಅಮಾವಾಸ್ಯೆಯ ನಸುಕಿನಲ್ಲಿ, ಕಾಪುವಿನ ಕಡಲ ಬದಿಯಿಂದ ಕಾರ್ಕಳದ ಗುಡ್ಡದ ಊರುಗಳ ತನಕ ಖಾಲಿ ಹೊಟ್ಟೆಗೆ ಕುಡಿಯುವ ಪಾಲೆ ಕಷಾಯದಲ್ಲಿರುವುದು ಪಾಲೆಯೊಂದೇ ಅಲ್ಲ. ಕಲ್ಲಿನಿಂದ ಜಜ್ಜಿ ತೆಗೆದ ಪಾಲೆ ಮರದ ತೊಗಟೆಯ ರಸಕ್ಕೆ ಒಳ್ಳೆಮೆಣಸು, ಬೆಳ್ಳುಳ್ಳಿ, ಓಮ ಸೇರುತ್ತವೆ. ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದಕ್ಕೆ ಹಾಕುತ್ತಾರೆ. ಕುಡಿದ ಮೇಲೆ ಉಷ್ಣ ಇಳಿಯಲೆಂದು ಮೆಂತೆ ಗಂಜಿ. ಮುಖ್ಯ ಮದ್ದು ಒಂದು, ಅದಕ್ಕೆ ನೆರವಾಗುವವು ಕೆಲವು, ಅದರ ಉಗ್ರತೆ ತಗ್ಗಿಸಲು ಇನ್ನೊಂದು. ಚೀನಾದ ಸಾಂಪ್ರದಾಯಿಕ ವೈದ್ಯರೂ ಹೀಗೆಯೇ ಒಂದು ಮೂಲಿಕೆಯನ್ನು ರಾಜನೆಂದು, ಉಳಿದವನ್ನು ಮಂತ್ರಿ, ಸಹಾಯಕ, ದೂತ ಎಂದು ಜೋಡಿಸುತ್ತಾರೆ. ಇಂಥ ಮದ್ದಿನ ಗುಣವನ್ನೂ ಅಪಾಯವನ್ನೂ ಬಹುಮಟ್ಟಿಗೆ ನಿರ್ಧರಿಸುವುದು ಈ ಜೋಡಣೆಯೇ. ಹಾಗಾಗಿ ಪರೀಕ್ಷೆಯೂ ಜೋಡಣೆಯದ್ದೇ ಆಗಬೇಕು.

ಇದಕ್ಕೆ ನಮ್ಮ ರಾಜ್ಯದಲ್ಲೇ ಗಟ್ಟಿ ಪುರಾವೆಯಿದೆ. ಅರಿಸಿನದ ಕರ್ಕ್ಯುಮಿನ್ ಒಂದನ್ನೇ ತಿಂದರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಆ ಪ್ರಮಾಣ ಸುಮಾರು 20 ಪಟ್ಟು ಏರಿತು. ಹೊರಗಿನ ವಸ್ತುಗಳನ್ನು ಕರುಳು, ಯಕೃತ್ತುಗಳು ವಿಲೇವಾರಿ ಮಾಡುವ ಕೆಲಸವನ್ನು ಪೈಪರಿನ್ ನಿಧಾನಗೊಳಿಸುತ್ತದೆ. ಹಾಗಿದ್ದರೆ ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್, ಅಪಸ್ಮಾರದ ಫೆನಿಟಾಯಿನ್‌ನಂಥ ಮಾತ್ರೆಗಳ ಪ್ರಮಾಣವೂ ರಕ್ತದಲ್ಲಿ ಏರಬಹುದಲ್ಲವೇ? ಏರುತ್ತದೆಂದು ಪ್ರಯೋಗಗಳು ತೋರಿಸಿವೆ. ಅಡುಗೆಯ ಚಿಟಿಕೆ ಮೆಣಸಿಗೆ ಹೆದರಬೇಕಿಲ್ಲ. ದಿನವೂ ನುಂಗುವ ಸಾರದ ಮಾತ್ರೆಯ ಲೆಕ್ಕ ಬೇರೆ.

ಹಿರಿಯರು ತಲೆಮಾರುಗಳಿಂದ ಕುಡಿದಿಲ್ಲವೇ ಎಂದು ಕೇಳುವವರಿದ್ದಾರೆ. ಅನುಭವದ ಸಾಕ್ಷ್ಯ ನಿಜಕ್ಕೂ ದೊಡ್ಡದು, ಆದರೆ ಅದು ಹಿಡಿಯುವುದು ತಕ್ಷಣದ ವಿಷವನ್ನು. ಪಾಲೆಯೆಂದು ಕತ್ತಲಲ್ಲಿ ಕಾಸರಕದ ತೊಗಟೆ ತಂದರೆ ಅದರ ಸ್ಟ್ರಿಕ್ನಿನ್ ಆ ದಿನವೇ ಗೊತ್ತಾಗುತ್ತದೆ. ವರ್ಷಗಟ್ಟಲೆ ತಡೆದು ಬರುವ ಹಾನಿಯನ್ನು ಕಷಾಯಕ್ಕೆ ಯಾರು ಜೋಡಿಸಿ ನೋಡುತ್ತಾರೆ? 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆಗಳ ಮಿಶ್ರಣ ತೆಗೆದುಕೊಂಡ ಹಲವು ಮಹಿಳೆಯರ ಮೂತ್ರಪಿಂಡಗಳು ಕೆಟ್ಟುಹೋದವು. ಅದರಲ್ಲಿ ಒಂದು ಬೇರಿನ ಬದಲು ಹೆಸರಿನಲ್ಲಿ ಹೋಲುವ ಅರಿಸ್ಟೊಲೋಕಿಯ ಜಾತಿಯ ಬೇರು ಸೇರಿಬಿಟ್ಟಿತ್ತು. ನಮ್ಮ ಈಶ್ವರ ಬಳ್ಳಿಯೂ ಅದೇ ಕುಲದ್ದು ಎಂಬುದನ್ನು ಇಲ್ಲಿನ ನಾಟಿ ಮದ್ದಿನವರು ಗಮನಿಸಲೇಬೇಕು.

ಹಾಗಾದರೆ ಬೆರಕೆ ಬಿಟ್ಟು ಗುಣಕಾರಿ ಅಂಶವೊಂದನ್ನೇ ತೆಗೆದರಾಯಿತಲ್ಲ ಎಂಬುದು ಇನ್ನೊಂದು ವಾದ. ಚೀನಾದ ತು ಯೂಯೂ 1972ರಲ್ಲಿ ಹಾಗೆ ತೆಗೆದ ಆರ್ಟಿಮಿಸಿನಿನ್ ಮಲೇರಿಯಾದಿಂದ ಲಕ್ಷಾಂತರ ಜೀವ ಉಳಿಸಿತು. 2015ರಲ್ಲಿ ಅವರಿಗೆ ನೊಬೆಲ್ ಬಂತು. ಅದು ಸಾರ್ಥಕ ದಾರಿ. ಆದರೆ ಜನ ಕುಡಿಯುತ್ತಿರುವುದು ಕಷಾಯವನ್ನೇ ಆದ್ದರಿಂದ ಅದರ ಪ್ರಶ್ನೆ ಹಾಗೇ ಉಳಿಯುತ್ತದೆ. ಉಡುಪಿಯ ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜಿದೆ, ಕೆಲವೇ ಕಿಲೋಮೀಟರ್ ಆಚೆ ಮಣಿಪಾಲದಲ್ಲಿ 1953ರಿಂದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿದೆ. ಕಷಾಯವನ್ನೂ ಮಾತ್ರೆಯನ್ನೂ ಒಟ್ಟಿಗೆ ತೆಗೆದುಕೊಳ್ಳುವವರ ರಕ್ತದಲ್ಲಿ ಮಾತ್ರೆಯ ಪ್ರಮಾಣ ಎಷ್ಟಾಗುತ್ತದೆಂದು ಎರಡೂ ಕಡೆಯವರು ಜೊತೆಗೂಡಿ ಅಳೆಯಲು ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ.