ಬೇಸಾಯದ ಉಪಕರಣಗಳಿಗೆ ವಿದ್ಯುತ್ ಬೆಸುಗೆ: ಸ್ವಂತ ಅಭ್ಯಾಸದಿಂದ ಕಲಿಯುವ ಕ್ರಮ

ಬೇಸಾಯದಲ್ಲಿ ಹಣದ ನಷ್ಟಕ್ಕಿಂತಲೂ ಕಾಲದ ನಷ್ಟವು ಹೆಚ್ಚಿನದೆಂಬುದು ಅನುಭವಸ್ಥರಾದ ರೈತರೆಲ್ಲರಿಗೂ ತಿಳಿದ ವಿಷಯವೇ ಆಗಿದೆ. ಮಳೆಯು ಬಿದ್ದು ಭೂಮಿಯು ಹದವಾಗಿರುವಾಗ ಕಲ್ಟಿವೇಟರಿನ ಚೌಕಟ್ಟು ಬಿರಿದರೆ, ಅದನ್ನು ಪಟ್ಟಣಕ್ಕೆ ಸಾಗಿಸಿ ಸರಿಮಾಡಿಸಿ ತರುವಷ್ಟರಲ್ಲಿ ಹದವು ಆರಿಹೋಗುವುದು. ಆದುದರಿಂದ ಬಿಡುವಿನ ಕಾಲದಲ್ಲಿ ಹವ್ಯಾಸಕ್ಕಾಗಿಯಾದರೂ ಬೆಸುಗೆಯ ಕೆಲಸವನ್ನು ಕಲಿತ ಒಬ್ಬಿಬ್ಬರು ಪ್ರತಿಯೊಂದು ಗ್ರಾಮದಲ್ಲಿಯೂ ಇರುವುದು ಬಹಳ ಉಪಯುಕ್ತವಾದುದು. ಗುರುವಿಲ್ಲದೆ ಕಲಿಯುವವರಿಗೆ ಯಾವ ಕ್ರಮವು ಸರಿ, ಯಾವ ಕೆಲಸಕ್ಕೆ ಅವರು ಕೈಹಾಕಕೂಡದು ಎಂಬುದನ್ನು ಈ ಲೇಖನದಲ್ಲಿ ವಿವರಿಸಿದೆ.

ಬೆಸುಗೆಯ ತತ್ತ್ವ

ಕುಲುಮೆಯಲ್ಲಿ ಕಮ್ಮಾರನು ಎರಡು ಕಬ್ಬಿಣಗಳನ್ನು ಚೆನ್ನಾಗಿ ಕಾಯಿಸಿ, ಒಂದರ ಮೇಲೊಂದನ್ನಿಟ್ಟು ಬಡಿದು ಕೂಡಿಸುತ್ತಾನೆ. ವಿದ್ಯುತ್ ಬೆಸುಗೆಯಲ್ಲಾದರೋ ಬಡಿಯುವುದಿಲ್ಲ. ಕೂಡಬೇಕಾದ ಅಂಚುಗಳೂ ಕೈಯಲ್ಲಿರುವ ಕಡ್ಡಿಯೂ ಕರಗಿ, ಬೆರೆತು, ಆರಿದ ಮೇಲೆ ಒಂದೇ ಲೋಹವಾಗುವುವು. ಕಬ್ಬಿಣವು ಸುಮಾರು ೧೫೩೮ ಸೆಂಟಿಗ್ರೇಡ್ ಡಿಗ್ರಿಗಳಲ್ಲಿ ಕರಗುವುದು. ಕಡ್ಡಿಗೂ ಕಬ್ಬಿಣಕ್ಕೂ ನಡುವೆ ಉರಿಯುವ ವಿದ್ಯುತ್ತಿನ ಜ್ವಾಲೆಯ ಉಷ್ಣವು ಅದಕ್ಕಿಂತ ಎಷ್ಟೋ ಅಧಿಕವಾದುದು. ಕರಗುವ ಲೋಹದ ಕಡ್ಡಿಯಿಂದ ಬೆಸೆಯುವ ವಿಧಾನವನ್ನು ೧೮೮೮ರಲ್ಲಿ ರಷ್ಯಾ ದೇಶದ ನಿಕೊಲಾಯ್ ಸ್ಲಾವ್ಯಾನೋವ್ ಎಂಬವರು ಬಳಕೆಗೆ ತಂದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ಆಸ್ಕರ್ ಷೆಲ್‌ಬೆರಿ ಎಂಬವರು ಕಡ್ಡಿಗೆ ಲೇಪವನ್ನು ಕೊಟ್ಟರು. ಈ ಲೇಪವು ಉರಿದು ಹೊಗೆಯಾಗಿಯೂ ಕಿಟ್ಟವಾಗಿಯೂ ಕರಗಿದ ಲೋಹವನ್ನು ಮುಚ್ಚಿ, ಗಾಳಿಯು ಸೋಕದಂತೆ ಕಾಪಾಡುವುದು.

ಬೇಕಾಗುವ ಸಲಕರಣೆಗಳು

ಈಗ ದೊರೆಯುವ ಇನ್‌ವರ್ಟರ್ ಯಂತ್ರಗಳು ಒಬ್ಬನು ಕೈಯಲ್ಲಿ ಹಿಡಿದು ಒಯ್ಯುವಷ್ಟು ಹಗುರವಾಗಿದ್ದು, ೨೩೦ ವೋಲ್ಟಿನ ವಿದ್ಯುತ್ತಿನಿಂದಲೇ ನಡೆಯುವುವು. ಆದರೆ ಇವುಗಳನ್ನು ದೀಪಕ್ಕಾಗಿ ಇರುವ ಸಣ್ಣ ಪ್ಲಗ್ಗಿಗೆ ಸೇರಿಸಕೂಡದು. ಕಂಬದ ತಂತಿಗೆ ಕೊಕ್ಕೆ ಹಾಕುವುದಂತೂ ಪ್ರಾಣಾಪಾಯಕರವೂ ಅಪರಾಧವೂ ಆಗಿದೆ. ಬಲ್ಲ ವಿದ್ಯುತ್ ಕೆಲಸಗಾರರಿಂದ ತಕ್ಕ ತಂತಿಯನ್ನೂ ಭೂಸಂಪರ್ಕವನ್ನೂ ಮಾಡಿಸತಕ್ಕದ್ದು.

ಮೊದಲು ಕಲಿಯುವವರಿಗೆ ೬೦೧೩ ಎಂಬ ಗುರುತಿನ ಕಡ್ಡಿಯು ಅನುಕೂಲ. ೨.೫ ಮಿಲಿಮೀಟರ್ ದಪ್ಪದ ಕಡ್ಡಿಗೆ ಸುಮಾರು ೬೦ರಿಂದ ೯೦ ಆಂಪಿಯರ್, ೩.೧೫ ಮಿಲಿಮೀಟರಿನದಕ್ಕೆ ಸುಮಾರು ೯೦ರಿಂದ ೧೩೦ ಆಂಪಿಯರ್ ಬೇಕಾಗುವುದು. ಸರಿಯಾದ ಮಿತಿಯನ್ನು ಕಡ್ಡಿಯ ಪೊಟ್ಟಣದ ಮೇಲೆ ಮುದ್ರಿಸಿರುತ್ತಾರೆ. ಕಡ್ಡಿಗಳಿಗೆ ತೇವ ತಗಲದಂತೆ ನೋಡಿಕೊಳ್ಳಬೇಕು. ೧೦ ಅಥವಾ ೧೧ನೆಯ ಅಂಕದ ಕಪ್ಪುಗಾಜುಳ್ಳ ಮುಖರಕ್ಷೆ, ಒಣಗಿದ ಚರ್ಮದ ಕೈಚೀಲ, ದಪ್ಪ ಹತ್ತಿಯ ತುಂಬುತೋಳಿನ ಅಂಗಿ, ಪಾದವನ್ನು ಮುಚ್ಚುವ ಮೆಟ್ಟು, ಕಿಟ್ಟ ಬಿಡಿಸುವ ಸುತ್ತಿಗೆ, ತಂತಿಯ ಕುಂಚ ಇವಿಷ್ಟೂ ಇಲ್ಲದೆ ಕೆಲಸವನ್ನು ಆರಂಭಿಸಕೂಡದು.

ಅಭ್ಯಾಸದ ಕ್ರಮ

ಆರಂಭದಲ್ಲಿಯೇ ಮುರಿದ ಉಪಕರಣವನ್ನು ಬೆಸೆಯಲು ಹೋಗುವುದು ತಪ್ಪು. ೬ ಮಿಲಿಮೀಟರ್ ದಪ್ಪದ ಹಳೆಯ ಮೃದು ಉಕ್ಕಿನ ಪಟ್ಟಿಗಳನ್ನು ತಂದು, ತುಕ್ಕನ್ನೂ ಬಣ್ಣವನ್ನೂ ಎಣ್ಣೆಯನ್ನೂ ತೆಗೆದು, ಅವುಗಳ ಮೇಲೆ ಬರಿಯ ಗೆರೆಗಳನ್ನು ಎಳೆಯುತ್ತಾ ಕೈಯನ್ನು ಪಳಗಿಸಬೇಕು. ಕಡ್ಡಿಯ ತುದಿಗೂ ಕಬ್ಬಿಣಕ್ಕೂ ನಡುವಣ ಅಂತರವು ಕಡ್ಡಿಯ ದಪ್ಪಕ್ಕೆ ಮೀರದಿರಲಿ. ಕಡ್ಡಿಯು ಕರಗಿ ಗಿಡ್ಡವಾದಂತೆಲ್ಲ ಕೈಯನ್ನು ಕೆಳಗಿಳಿಸುತ್ತಾ ಬರಬೇಕು. ಅಂತರವು ಸರಿಯಾಗಿದ್ದರೆ ಬಾಣಲೆಯಲ್ಲಿ ಒಗ್ಗರಣೆ ಸಿಡಿಯುವಂತಹ ಎಡೆಬಿಡದ ಸದ್ದು ಕೇಳಿಬರುವುದು.

ಗುರುವಿಲ್ಲದವರಿಗೆ ಎಳೆದ ಗೆರೆಯೇ ಗುರು. ಗೆರೆಯು ಹಗ್ಗವನ್ನಿಟ್ಟಂತೆ ಕಬ್ಬಿಣದ ಮೇಲೆ ಉಬ್ಬಿ ನಿಂತಿದ್ದರೆ ವಿದ್ಯುತ್ತು ಸಾಲದೆಂದೂ, ಅಂಚಿನುದ್ದಕ್ಕೂ ಕಾಲುವೆಯಂತೆ ತಗ್ಗು ಬಿದ್ದಿದ್ದರೆ ವಿದ್ಯುತ್ತು ಹೆಚ್ಚಾಯಿತೆಂದೂ, ಸುತ್ತಲೂ ಹನಿಗಳು ಸಿಡಿದು ಒಳಗೆ ರಂಧ್ರಗಳಿದ್ದರೆ ಅಂತರವು ಹೆಚ್ಚಾಯಿತೆಂದೂ ಸಾಮಾನ್ಯವಾಗಿ ತಿಳಿಯಬಹುದು. ಗೆರೆಯು ಸಮನಾದ ಮೇಲೆ ಒಂದು ಪಟ್ಟಿಯನ್ನು ಮತ್ತೊಂದರ ಮೇಲೆ ನೆಟ್ಟಗೆ ನಿಲ್ಲಿಸಿ, ಒಂದೇ ಮಗ್ಗುಲಲ್ಲಿ ಬೆಸೆದು, ಪೂರ್ಣವಾಗಿ ಆರಿದ ತರುವಾಯ ಬೆಸುಗೆಯ ಕಡೆಗೆ ಮಡಿಯುವಂತೆ ಸುತ್ತಿಗೆಯಿಂದ ಹೊಡೆದು ಮುರಿದು ನೋಡತಕ್ಕದ್ದು. ಮೂಲೆಯ ಬುಡದವರೆಗೆ ಲೋಹವು ಕರಗಿ ಬೆರೆಯದೆ ಪಟ್ಟಿಯ ಹಳೆಯ ಅಂಚು ಹಾಗೆಯೇ ಕಾಣಿಸಿದರೆ, ಅಥವಾ ನಡುವೆ ಕಿಟ್ಟವು ಸಿಕ್ಕಿಕೊಂಡಿದ್ದರೆ, ಹೊರಗೆ ಎಷ್ಟು ಅಂದವಾಗಿದ್ದರೂ ಅದು ಬೆಸುಗೆಯಲ್ಲ. ತನ್ನ ಬೆಸುಗೆಯನ್ನು ತಾನೇ ಮುರಿದು ಪರೀಕ್ಷಿಸದವನು ಕಲಿತವನಾಗಲಾರನು.

ಲೋಹದ ಗುರುತು

ಎಲ್ಲ ಕಬ್ಬಿಣವೂ ಒಂದೇ ಜಾತಿಯದಲ್ಲ. ಸಾಣೆಗೆ ಹಿಡಿದಾಗ ಉದ್ದವಾದ ಹಳದಿಯ ಕಿಡಿಗಳು ನೇರವಾಗಿ ಹಾರಿದರೆ ಅದು ಮೃದು ಉಕ್ಕು; ಇದೇ ಕಲಿಯುವವರಿಗೆ ತಕ್ಕದ್ದು. ಕಿಡಿಗಳು ಹೂಬಾಣದಂತೆ ಕವಲೊಡೆದು ಸಿಡಿದರೆ ಅದು ಗಡಸು ಉಕ್ಕು; ಗಡಸು ಗುಳ, ಸ್ಪ್ರಿಂಗಿನ ಪಟ್ಟಿ ಮುಂತಾದುವು ಈ ಜಾತಿಗೆ ಸೇರಿದುವು. ಇದನ್ನು ಮುಂಚಿತವಾಗಿ ಕಾಯಿಸದೆ ಬೆಸೆದು ಬೇಗನೆ ಆರಿಸಿದರೆ ಬೆಸುಗೆಯ ಮಗ್ಗುಲಲ್ಲಿಯೇ ಸೀಳು ಬಿಡುವುದು. ಮಂಕಾದ ಕೆಂಪು ಬಣ್ಣದ ಗಿಡ್ಡ ಕಿಡಿಗಳು ಬಂದರೆ ಅದು ಬೀಡು ಕಬ್ಬಿಣ. ಪಂಪಿನ ಹೊರಕವಚ ಮುಂತಾದ ಬೀಡಿನ ಭಾಗಗಳಿಗೆ ನಿಕ್ಕಲಿನ ಕಡ್ಡಿಯೂ ಬಹಳ ಅನುಭವವೂ ಬೇಕಾಗುವುದರಿಂದ ಅವುಗಳನ್ನು ಬಲ್ಲವರಿಗೇ ಬಿಡುವುದು ಲೇಸು.

ಅಪಾಯಗಳೂ ನಿವಾರಣೆಯೂ

ಬೆಸುಗೆಯ ಬೆಳಕನ್ನು ಬರಿಗಣ್ಣಿನಿಂದ ಕ್ಷಣಮಾತ್ರ ನೋಡಿದರೂ ಕಣ್ಣಿನ ಮೇಲ್ಪೊರೆಯು ಸುಡಬಹುದು. ನೋವು ಕೂಡಲೆ ತೋರದೆ ಕೆಲವು ಗಂಟೆಗಳ ತರುವಾಯ, ಬಹುಶಃ ರಾತ್ರಿಯಲ್ಲಿ, ಮರಳು ಬಿದ್ದಂತೆ ಪ್ರಾರಂಭವಾಗುವುದು. ಆಗ ಕಣ್ಣನ್ನು ಉಜ್ಜಕೂಡದು. ಹಾಲು, ಸೊಪ್ಪಿನ ರಸ ಮುಂತಾದುವನ್ನು ಹಾಕದೆ ವೈದ್ಯರ ಬಳಿಗೆ ಹೋಗಬೇಕು. ಈ ಕೆಲಸವನ್ನು ಕುತೂಹಲದಿಂದ ನೋಡಲು ಮಕ್ಕಳು ಸೇರುವರಾದ ಕಾರಣ ತಡಿಕೆಯ ಮರೆಯನ್ನು ಕಟ್ಟಿಸತಕ್ಕದ್ದು.

ಸತುವಿನ ಲೇಪವುಳ್ಳ ಕೊಳವೆಗಳನ್ನು ಬೆಸೆದಾಗ ಏಳುವ ಬಿಳಿಯ ಹೊಗೆಯಿಂದ ಚಳಿಜ್ವರವು ಬರುವುದುಂಟು. ಬೆಸೆಯುವೆಡೆಯ ಲೇಪವನ್ನು ಮೊದಲು ತೆಗೆದು ಬಯಲಿನಲ್ಲಿ ಕೆಲಸ ಮಾಡಬೇಕು. ಡೀಸೆಲ್, ಪೆಟ್ರೋಲುಗಳನ್ನು ತುಂಬಿದ್ದ ಪೀಪಾಯಿಯು ಬರಿದಾಗಿದ್ದರೂ ಅದರಲ್ಲಿ ಉಳಿದ ಆವಿಯು ಸಿಡಿದು ಪ್ರಾಣವನ್ನು ತೆಗೆಯಬಲ್ಲುದು. ಅದನ್ನು ಸುತರಾಂ ಮುಟ್ಟಕೂಡದು. ತೇವದ ನೆಲದಲ್ಲಿ ನಿಂತು ಬೆಸೆಯಕೂಡದು. ಬಣವೆಯಿಂದಲೂ ಕೊಟ್ಟಿಗೆಯಿಂದಲೂ ಹತ್ತು ಮೀಟರಿಗೆ ಕಡಿಮೆಯಲ್ಲದಷ್ಟು ದೂರವಿದ್ದು, ನೀರನ್ನೂ ಮರಳನ್ನೂ ಸಿದ್ಧವಾಗಿಟ್ಟುಕೊಂಡು, ಕೆಲಸ ಮುಗಿದ ಮೇಲೆಯೂ ಅರ್ಧ ಗಂಟೆಯ ಕಾಲ ಕಾದು ನೋಡಬೇಕು. ಟ್ರಾಕ್ಟರಿಗೆ ಜೋಡಿಸಿರುವ ಉಪಕರಣವನ್ನು ಬಿಡಿಸಿದ ತರುವಾಯವೇ ಬೆಸೆಯತಕ್ಕದ್ದು.

ಗ್ರಾಮದ ಮುಖ್ಯಸ್ಥರಲ್ಲಿ ವಿಜ್ಞಾಪನೆ

ಬಾಗಿಲಿನ ಚೌಕಟ್ಟು, ಮೇವಿನ ತೊಟ್ಟಿಯ ಕಾಲು, ಬೇಲಿಯ ಕಂಬ ಇವುಗಳ ಬೆಸುಗೆಯು ಬಿಟ್ಟರೆ ಮತ್ತೆ ಬೆಸೆಯಬಹುದು. ಟ್ರೇಲರಿನ ಕೊಂಡಿಯು ಬಿಟ್ಟರೆ, ಕೆಲಸದಿಂದ ಹಿಂದಿರುಗುವ ಕೂಲಿಯವರ ಪ್ರಾಣವು ಹೋಗುವುದು. ಟ್ರೇಲರಿನಲ್ಲಿ ಜನರನ್ನು ಕೂರಿಸುವುದೇ ತಪ್ಪು. ಆದರೂ ಅದು ನಡೆಯುತ್ತಿರುವ ಕಾರಣ ಕೊಂಡಿ, ಅಚ್ಚು, ಮೇಲ್ತೊಟ್ಟಿಯನ್ನು ಹೊರುವ ಕಂಬ ಇಂತಹ ಕೆಲಸಗಳನ್ನು ಹವ್ಯಾಸಿಗಳಿಗೆ ಒಪ್ಪಿಸದಂತೆ ಮುಖ್ಯಸ್ಥರು ತಡೆಯಬೇಕು. ಆಸಕ್ತಿಯುಳ್ಳ ತರುಣರನ್ನು ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಒಂದು ವರ್ಷದ ವೆಲ್ಡರ್ ಶಿಕ್ಷಣಕ್ಕೆ ಕಳುಹಿಸಿದರೆ ಅಂತಹ ಕೆಲಸಗಳಿಗೂ ತಕ್ಕವರು ಊರಿನಲ್ಲಿಯೇ ದೊರೆಯುವರು. ಗ್ರಾಮದ ಕಮ್ಮಾರನಿದ್ದರೆ ಈ ಯಂತ್ರವು ಮೊದಲು ಅವನ ಕೈಗೆ ಸೇರುವಂತೆ ಸಹಾಯ ಮಾಡುವುದು ನ್ಯಾಯ. ಕಾದ ಲೋಹದ ಸ್ವಭಾವವನ್ನು ಅವನಷ್ಟು ಬಲ್ಲವರು ಊರಿನಲ್ಲಿ ಮತ್ತೊಬ್ಬರಿರಲಾರರು.

ಬೇಸಗೆಯ ಬಿಡುವಿನಲ್ಲಿ ದಿನಕ್ಕೆ ಕೆಲವು ಕಡ್ಡಿಗಳಂತೆ ಹಳೆಯ ಪಟ್ಟಿಗಳ ಮೇಲೆ ಅಭ್ಯಾಸ ಮಾಡಿದವನಿಗೆ ಮುಂಗಾರಿನ ಹೊತ್ತಿಗೆ ತನ್ನ ಮನೆಯ ಸಣ್ಣಪುಟ್ಟ ರಿಪೇರಿಗಳು ಸಾಧ್ಯವಾಗಬಹುದು. ಯಾವುದನ್ನು ತಾನು ಬೆಸೆಯಬಾರದೆಂಬುದನ್ನೂ ಅವನು ಅಷ್ಟರೊಳಗೆ ಅರಿತಿದ್ದರೆ ಅವನ ವಿದ್ಯೆಯು ಊರಿಗೆ ಉಪಕಾರವಾಗುವುದು.